ನಕ್ಷತ್ರ ಇಳಿಸಿ ಅಂದವಳು

"ಏ ಯಾರ್ರಿ ಅದು? ಮೊದಲು ಅದನ್ನ ಕೆಳಗ ಇಳಸ್ರಿ! ಸತ್ತ ಮನಿಗೆ ಯಾರಾದ್ರೂ ನಕ್ಷತ್ರ ಕಟ್ತಾರೇನ್ರಿ?"

ತಹಮೀನಾ ಕೂಗಿದ ರಭಸಕ್ಕೆ ಏಣಿಯ ಮೇಲಿದ್ದವನು ತಿರುಗಿ ನೋಡಿದ. ಅವನ ಕೈಯಲ್ಲಿ ಕೆಂಪು ಕಾಗದದ ದೊಡ್ಡ ನಕ್ಷತ್ರ. ಅದರೊಳಗಿನ ಬಲ್ಬಿನ ಬೆಳಕು ಅವನ ಮುಖದ ಮೇಲೆ ಬಿತ್ತು.

ಸಾದಿಕ!

ಯಾ ಅಲ್ಲಾ... ಇಷ್ಟು ದೊಡ್ಡ ಮುಂಬೈಯಲ್ಲಿ ಇವನಿಗೆ ಹತ್ತಲು ಇದೇ ಮನೆಯ ಏಣಿ ಸಿಗಬೇಕಿತ್ತೇ?

"ನೀನು... ಇಲ್ಲಿ?" ಎಂದ ಸಾದಿಕ.

"ಈ ಮನಿಯ ಆಂಟೀನ ನೋಡ್ಕೋತೀನಿ. ನೀವು ಮೊದಲು ಕೆಳಗ ಇಳೀರಿ."

ಅಂದು ಕ್ರಿಸ್‌ಮಸ್‌ ಹಿಂದಿನ ಸಂಜೆ. ಬಾಂದ್ರಾದ ಆ ಓಣಿಯಲ್ಲಿ ಮನೆಮನೆಗೂ ನಕ್ಷತ್ರ ಹೊತ್ತಿಕೊಂಡಿತ್ತು. ಐರಿನ್ ಆಂಟಿಯ ಹಳೇ ಮನೆಯೊಂದೇ ಹೊಗೆ ಮುಸುಕಿದ ಚಳಿಯಲ್ಲಿ ಕಪ್ಪಗೆ ನಿಂತಿತ್ತು. ಆಂಟಿಯ ಒಬ್ಬನೇ ಮಗ ಐವನ್ ಹೋಳಿಯ ಹೊತ್ತಿಗೆ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ಆ ವರ್ಷ ನಕ್ಷತ್ರ ಕಟ್ಟುವುದಿಲ್ಲ, ಸಿಹಿ ಮಾಡುವುದಿಲ್ಲ ಎಂದು ಅಕ್ಕಪಕ್ಕದವರು ತಹಮೀನಾಳಿಗೆ ಹೇಳಿಕೊಟ್ಟಿದ್ದರು. ಅವಳೂ ಪಡಸಾಲೆಯ ದೀಪ ಸಹ ಹಚ್ಚದೆ ಅದನ್ನು ಪಾಲಿಸುತ್ತಿದ್ದಳು.

"ಸತ್ತ ಮನಿ ಅಂದ್ರ? ಯಾರು?" ಕೆಳಗಿಳಿದ ಸಾದಿಕ ಕೇಳಿದ.

"ಐವನ್ ಸಾಹೇಬ್ರು."

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. "ನಾಶಿಕ್‌ಗೆ ವೈರಿಂಗ್ ಕೆಲಸಕ್ಕ ಹೋಗಿದ್ದೆ. ನನಗ ಯಾರೂ ಹೇಳ್ಲಿಲ್ಲ... ಹೋದ ವರ್ಷ ಐವನ್ ಭಾಯೀನ ಇದನ್ನ ರಿಪೇರಿಗೆ ಕೊಟ್ಟಿದ್ದ. ಅಮ್ಮ ನೋಡಿ ಖುಷಿ ಪಡ್ಲಿ, ನೀನ ಬಂದು ಕಟ್ಟು ಅಂದಿದ್ದ." ಅವನು ತೋಳಿನಿಂದ ಕಣ್ಣೊರೆಸಿಕೊಂಡ.

ಅಳುವ ಗಂಡಸನ್ನು ಕಂಡು ತಹಮೀನಾಳಿಗೆ ಕನಿಕರ ಬಂತು. ಹಿಂದೆಯೇ ಸಿಟ್ಟೂ ಬಂತು. ಗೆಳೆಯ ಸತ್ತದ್ದಕ್ಕೆ ಅಳು ಬರುತ್ತದೆ. ನನ್ನ ಅಬ್ಬಾ ಸತ್ತಾಗ ಎಲ್ಲಿ ಹೋಗಿತ್ತು ಈ ಅಳು?

ಆಕೆಯ ಸಿಟ್ಟಿಗೂ ಕಾರಣವಿತ್ತು ಬಿಡಿ. ಎರಡು ವರ್ಷದ ಹಿಂದೆ ಇವರಿಬ್ಬರ ನಿಶ್ಚಿತಾರ್ಥವಾಗಿತ್ತು. ಇಬ್ಬರದೂ ವಿಜಯಪುರದ ಕಡೆಯ ಮನೆತನ, ಇಬ್ಬರೂ ಕುರ್ಲಾದಲ್ಲಿ ಬೆಳೆದವರು. ಮದುವೆಗೆ ಮೊದಲೇ ತಹಮೀನಾಳ ಅಬ್ಬಾ ತೀರಿಕೊಂಡರು. ಅಮ್ಮಿ ಇದ್ದತ್ತಿಗೆ ಕುಳಿತರು. ಗಂಡನನ್ನು ಕಳೆದುಕೊಂಡವಳು ಪರಗಂಡಸರ ಎದುರಿಗೆ ಬಾರದೆ ಮನೆಯೊಳಗೇ ಕಳೆಯಬೇಕಾದ ತಿಂಗಳುಗಳವು. ಚಾಳಿನ ಒಂದೇ ಕೋಣೆಯಲ್ಲಿ ಅಮ್ಮಿಯ ಜೊತೆ ತಹಮೀನಾ ಒಬ್ಬಳೇ. ಆ ತಿಂಗಳುಗಳಲ್ಲಿ ಸಾದಿಕ ಒಂದು ಸಲವೂ ಬರಲಿಲ್ಲ, ಫೋನೂ ಮಾಡಲಿಲ್ಲ. ಕಾದು ಕಾದು ಸೋತು ಅವಳು ಉಂಗುರ ವಾಪಸ್ ಕಳಿಸಿದ್ದಳು. ಮರುವರ್ಷ ಅಮ್ಮಿಯೂ ಹೋದರು. ಈಗ ಅಕ್ಕ, ಅವಳ ಆಪಾನ ಮನೆಯ ಒಂದು ಮೂಲೆಯೇ ಅವಳ ಪಾಲಿನ ಜಗತ್ತು.

ಆ ಮೂಲೆಯೂ ಇನ್ನೆಷ್ಟು ದಿನ? ಆಪಾನ ಗಂಡ ಹಾಶಿಮ ಭಾಯಿ ಗೋರೆಗಾಂವಿನ ಒಂದು ಸಂಬಂಧ ತಂದಿದ್ದರು. ಹೆಂಡತಿ ಸತ್ತವನು, ವಯಸ್ಸಾದವನು. ಇವತ್ತೇ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಬೆಳಗ್ಗೆ ಮನೆ ಬಿಡುವಾಗಲೇ ತಹಮೀನಾ 'ಹೂಂ' ಎಂದು ನಿರ್ಧರಿಸಿದ್ದಳು. ಬೇಡ ಅಂದು ಯಾರಿಗಾಗಿ ಕಾಯಬೇಕು?

"ಬಾಯೆ, ಹೊರಗೆ ಯಾರದು? ಸಾದಿಕನ ದನಿ ಕೇಳಿತಲ್ಲ!"

ಐರಿನ್ ಆಂಟಿ ವಾಕರ್ ಹಿಡಿದು ಬಾಗಿಲಿಗೆ ಬಂದಿದ್ದರು. ಕಾರವಾರದಿಂದ ಸೊಸೆಯಾಗಿ ಬಂದು ಬಾಂದ್ರಾದಲ್ಲೇ ಹಣ್ಣಾದ ಜೀವ. ನೆಲದ ಮೇಲಿದ್ದ ನಕ್ಷತ್ರ ನೋಡಿ ಅಲ್ಲೇ ನಿಂತರು.

"ಕಟ್ಟುತ್ತಿದ್ದುದನ್ನು ಇಳಿಸಿದ್ದು ಯಾರು?"

"ನಾನ ಇಳಸಂದೆ ಆಂಟಿ. ನಿಮ್ಮ ಪದ್ಧತಿ..."

"ಪದ್ಧತಿ ನನಗೂ ಗೊತ್ತು ಬಾಯೆ. ಆದರೆ ನನ್ನನ್ನು ಒಂದು ಮಾತು ಯಾರಾದರೂ ಕೇಳಿದರಾ?" ಆಂಟಿಯ ದನಿ ಒಡೆಯಿತು. "ಮೊನ್ನೆ ಕ್ಯಾರಲ್ ಹಾಡುವ ಹುಡುಗರು ನನ್ನ ಗೇಟಿನ ಹತ್ತಿರ ಗಿಟಾರ್ ನಿಲ್ಲಿಸಿ ಸದ್ದಿಲ್ಲದೆ ದಾಟಿ ಹೋದರು. ಎಲ್ಲರೂ ಮರ್ಯಾದೆ ಕೊಡುತ್ತಾರೆ. ಮರ್ಯಾದೆ ಕೊಟ್ಟು ಕೊಟ್ಟು ನನ್ನನ್ನು ಕತ್ತಲಲ್ಲಿ ಕೂರಿಸಿದ್ದಾರೆ! ಪ್ರತಿ ವರ್ಷ ಇವತ್ತಿನ ಸಂಜೆ ಪ್ರಾರ್ಥನೆಯಾದ ಮೇಲೆ ಐವನ್ ಕೈಮುಗಿದು ಬೆಸಾಂವ್ ಕೇಳುತ್ತಿದ್ದ... ಆಶೀರ್ವಾದ. ಈ ವರ್ಷ ನಾನು ಕೈ ಇಡುವುದು ಯಾರ ತಲೆಯ ಮೇಲೆ?"

ತಹಮೀನಾಳ ಕಣ್ಣು ತುಂಬಿತು. ಈ ಮಾತು ತನ್ನದೇ ಅಲ್ಲವೇ! ಅವಳು ಸಾದಿಕನ ಕಡೆ ತಿರುಗಿದಳು.

"ಕೇಳಿದ್ರ್ಯಾ? ಅಬ್ಬಾ ಹೋದಾಗ ನೀವೂ ಹಿಂಗ ಮರ್ಯಾದಿ ಕೊಟ್ರೇನು? ಒಂದು ದಿನಾನಾದ್ರೂ ಬಂದ್ರೇನು?"

"ಜನಾಜಾಕ್ಕ ಹೆಗಲು ಕೊಟ್ಟೀನಿ. ನೀ ಒಳಗಿದ್ದಿ, ಕಾಣ್ಲಿಲ್ಲ. ಆಮ್ಯಾಲೂ ಬರ್ತಿದ್ದೆ... ಬಾಗಲ ತನಕ."

"ಸುಳ್ಳು!"

"ನಮ್ಮ ನಾನೀನ್ನ, ಅಜ್ಜೀನ್ನ, ಕೇಳ್ದೆ. ಒಂದ ಕೋಣಿ, ಅಮ್ಮಿ ಇದ್ದತ್ತಿನ್ಯಾಗ ಅದಾರ, ನಿಕಾ ಆಗದ ಹುಡುಗ ನೀ ಹೊಸ್ತಿಲಾ ತುಳೀಬ್ಯಾಡ, ಫೋನೂ ಮಾಡ್ಬ್ಯಾಡ, ಜನ ಆ ಹುಡುಗಿಗೆ ಏನರ ಅಂತಾರ ಅಂದ್ಲು. ಇದ್ದತ್ ಮುಗಿದ ಮರುದಿನ ಬರೂದಂತ ಮಾಡಿದ್ದೆ. ಅದಕ್ಕ ಮೊದಲ ಉಂಗುರ ಬಂತು. ನಿನಗ ನಾ ಬ್ಯಾಡಾದೆ ಅಂತ ತಿಳ್ಕೊಂಡೆ." ಸಾದಿಕ ತಲೆ ಎತ್ತಲಿಲ್ಲ. "ನೀ ನಸುಕಿನ್ಯಾಗ ನಳಕ್ಕ ನೀರಿಗೆ ಬರ್ತಿದ್ದಿ. ಗ್ಯಾಲರಿ ಕತ್ತಲಿ ಇರ್ತಿತ್ತು. ಅದಕ್ಕ ನೀ ಏಳೂಕಿಂತ ಮೊದಲ ಬಂದು ಬಲ್ಬ್ ಒಡೆದಿದ್ರ ಹೊಸಾದು ಹಾಕಿ ಹೋಗ್ತಿದ್ದೆ."

ತಹಮೀನಾ ಕಂಬ ಹಿಡಿದುಕೊಂಡಳು.

ಆ ಬಲ್ಬು! ಹುಡುಗರ ಚೆಂಡಿಗೆ ದಿನಾ ಒಡೆಯುತ್ತಿದ್ದ ಬಲ್ಬು ಆ ತಿಂಗಳುಗಳಲ್ಲಿ ಮಾತ್ರ ಒಂದು ನಸುಕಿಗೂ ಆರಿರಲಿಲ್ಲ. ಬಾಗಿಲ ಸಂದಿಯಿಂದ ಬರುವ ಬೆಳಕು ನೋಡಿ ಅಮ್ಮಿ ಕೈ ಎತ್ತುತ್ತಿದ್ದರು. 'ಈ ದೀಪ ಹಚ್ಚಿದಾಂವನ ಬಾಳು ಬೆಳಗಲಿ.' ಉಂಗುರ ಕಳಿಸಿದ ಮೇಲೆ ಗ್ಯಾಲರಿ ಮತ್ತೆ ಕತ್ತಲಾಗಿತ್ತು. ಅದೂ ಅವಳಿಗೆ ಹೊಳೆಯಲಿಲ್ಲ, ಹುಚ್ಚಿ!

"ನಾನೀನ್ನ ಕೇಳಿದ್ರಿ, ಜನಕ್ಕ ಅಂಜಿದ್ರಿ..." ಅವಳು ಬಿಕ್ಕಿದಳು. "ನನ್ನ ಒಂದು ಮಾತು ಕೇಳಿದ್ರೇನು? ನನಗ ಬಲ್ಬ್ ಬೇಕಿರ್ಲಿಲ್ರೀ... ನೀವು ಬೇಕಾಗಿದ್ರಿ!"

"ತಪ್ಪಾತು, ತಹಮೀನಾ. ನಿನ್ನನ್ನ ಕೇಳ್ಬೇಕಿತ್ತು."

ಅಷ್ಟರಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. ಹಾಶಿಮ ಭಾಯಿ. ಬೆಳಗಿನಿಂದ ತುದಿನಾಲಗೆಯ ಮೇಲಿದ್ದ 'ಹೂಂ' ಈಗ ಹುಡುಕಿದರೂ ಸಿಗಲಿಲ್ಲ.

"ಭಾಯಿ, ಗೋರೆಗಾಂವಿನವ್ರಿಗೆ ಬ್ಯಾಡ ಅಂತ ಹೇಳ್ರಿ... ಇಲ್ಲ, ಸಿಟ್ಟಿಲೆ ಅಲ್ಲ. ಮನಿಗೆ ಬಂದು ಎಲ್ಲಾ ಹೇಳ್ತೀನಿ." ಅವಳು ಫೋನ್ ಇಟ್ಟಳು.

ಸಾದಿಕ ಅವಳನ್ನೇ ನೋಡುತ್ತಿದ್ದ. ಕೇಳಲು ಧೈರ್ಯವಿಲ್ಲ, ಕೇಳದೆ ಇರಲಾರ.

"ಏಣಿ ಹತ್ರಿ ಮೊದಲು," ಎಂದಳು ತಹಮೀನಾ ಕಣ್ಣೊರೆಸಿಕೊಂಡು. "ಆಂಟಿ ಕಾಯಾಕತ್ತಾರ."

ಆತ ಏರಿದ. ಅವಳು ಕೆಳಗೆ ಏಣಿ ಹಿಡಿದು ನಿಂತಳು. ಕೆಂಪು ನಕ್ಷತ್ರ ಹೊತ್ತಿಕೊಂಡಾಗ ಐರಿನ್ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡು ಮಗನ ಹೆಸರು ಕರೆದು ಅತ್ತರು. ತಹಮೀನಾ ಅವರನ್ನು ತಬ್ಬಿಕೊಂಡಳು. ಹೋದ ಮಗ ಬರಲಿಲ್ಲ, ಅಬ್ಬಾ ಅಮ್ಮಿಯೂ ಬರಲಿಲ್ಲ. ಆದರೆ ಅಂಗಳದಲ್ಲಿ ಈಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು.

"ಆಂಟಿ, ಬೆಸಾಂವ್ ಕೊಡ್ರಿ," ಎಂದು ತಹಮೀನಾ ತಲೆ ಬಾಗಿಸಿದಳು. ಪಕ್ಕದಲ್ಲಿ ಸಾದಿಕನೂ ಬಾಗಿದ.

ಆಂಟಿಯ ಮುದಿ ಕೈಗಳು ಇಬ್ಬರ ತಲೆಯ ಮೇಲೂ ಬಂದವು. "ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ಮಕ್ಕಳೇ. ಇನ್ನು ಬೇರೆಯವರನ್ನು ಕೇಳುತ್ತ ಕೂರಬೇಡಿ."

ಇಬ್ಬರೂ ಗೇಟಿನ ತನಕ ನಡೆದರು.

"ಆಪಾನ ಚಾಳಿನ ಗ್ಯಾಲರಿಯಾಗೂ ಬಲ್ಬ್ ಹೋಗೈತಿ," ಎಂದಳು ಅವಳು ಮೆಲ್ಲಗೆ.

ಸಾದಿಕನ ಮುಖ ಅರಳಿತು. "ನಾಳೆ ನಸುಕಿನ್ಯಾಗ ಬಂದು..."

"ಉಹೂಂ! ನಸುಕಿನ್ಯಾಗ ಬ್ಯಾಡ. ಎಲ್ಲಾರೂ ಎದ್ದಮ್ಯಾಲ ಬರ್ರಿ. ನಾನೀನ್ನೂ ಕರ್ಕೊಂಡ್ ಬರ್ರಿ. ಮತ್ತ..."

"ಮತ್ತ?"

"ಈ ಸಲ ಬಾಗಲಾ ಬಡೀರಿ."

"ತಗೀತಿ?"

"ಎರಡು ವರ್ಷ ಆತು, ಬಾಗಲ ಹತ್ರನ ಕುಂತೀನಿ... ಬಡದು ನೋಡ್ರಿ!"