ಹಲ್ಲಿ ಕೂತ್ಕೊಳ್ಳಿ ಸಾರ್!

“ಕಿತ್ತಾಕ್ಬುಡ್ಲೇನೇ ಶಶಿ?” ಸವಿತಾ ಪಿಸುಗುಟ್ಟಿದಳು.

“ಸುಮ್ನಿರು! ಮಿಸ್ ಬೈತಾರೆ ಕಣೇ,” ಎಂದು ಶಶಿ ಅವಳ ಕೈ ಹಿಡಿದು ಎಳೆದಳು.

ನೀರು ಕುಡಿಯುವ ನೆಪ ಹೇಳಿ ಇಬ್ಬರೂ ಕ್ಲಾಸಿನಿಂದ ಹೊರಗೆ ಬಂದಿದ್ದರು. ವರಾಂಡದ ಗೋಡೆ ಪತ್ರಿಕೆಯಲ್ಲಿ, ಮಹೇಂದ್ರ ಬಿಡಿಸಿದ ಟ್ರ್ಯಾಕ್ಟರ್ ಪಕ್ಕದಲ್ಲೇ ಸವಿತಾ ಬರೆದ ಹಾಳೆ ಇತ್ತು. ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬೇರೆ! ನಿನ್ನೆ ಯಶೋದಮ್ಮ ಮಿಸ್ “ಹಾಕಲಾ?” ಎಂದು ಕೇಳಿದಾಗ ಹೂಂ ಅಂದವಳು ಅವಳೇ. ಈಗ ಕೈ ಮತ್ತೆ ಮತ್ತೆ ಆ ಹಾಳೆಯ ಮೂಲೆಗೇ ಹೋಗುತ್ತಿತ್ತು.

ಆಗಿದ್ದು ಇಷ್ಟೆ. ಸವಿತಾಳ ಬಾಯಲ್ಲಿ ‘ಹ’ ನಿಲ್ಲುತ್ತಲೇ ಇರಲಿಲ್ಲ. ಹಸು ಅಸುವಾಗುತ್ತಿತ್ತು, ಹೂವು ಊವಾಗುತ್ತಿತ್ತು. ಅವರೂರಲ್ಲಿ ಎಲ್ಲರದೂ ಅದೇ ಕತೆ ಅನ್ನಿ. ಹದಿನೈದು ದಿನದ ಹಿಂದೆ ಪಿರಿಯಾಪಟ್ಟಣದಿಂದ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಇವತ್ತು ‘ಹ’ ಬಿಡಲೇಬಾರದು ಎಂದು ಸವಿತಾ ಹಟ ಹಿಡಿದಳು. ಕುರ್ಚಿ ತೋರಿಸಿ, ‘ಅಲ್ಲಿ ಕೂತ್ಕೊಳ್ಳಿ ಸಾರ್’ ಅನ್ನಬೇಕಿತ್ತು. ಉಸಿರು ಬಿಗಿಹಿಡಿದು, “ಹಲ್ಲಿ ಕೂತ್ಕೊಳ್ಳಿ ಸಾರ್!” ಅಂದುಬಿಟ್ಟಳು. ಪಾಪ, ಸಾಹೇಬರು ಬೆಚ್ಚಿಬಿದ್ದು ಗೋಡೆ ನೋಡಿದರು. ಕುರ್ಚಿಯ ಕೆಳಗೂ ಬಗ್ಗಿ ನೋಡಿದರು.

ಅಂದಿನಿಂದ ಅವಳ ಹೆಸರೇ ಹಲ್ಲಿ. ಆ ಹೆಸರಿಟ್ಟವನು ಇದೇ ಮಹೇಂದ್ರ. ಕೂಗುವವರ ಬಾಯಲ್ಲಿ ಅದೂ ‘ಅಲ್ಲಿ’ ಆಗುತ್ತಿತ್ತು, ಆದರೂ ಸವಿತಾಗೆ ಸಾಯುವಷ್ಟು ನಾಚಿಕೆ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರತೊಡಗಿದಳು.

ಹೇಳಲಾಗದ್ದನ್ನೆಲ್ಲ ಒಂದು ದಿನ ಪ್ರಬಂಧದ ಪೀರಿಯಡ್‌ನಲ್ಲಿ ಬರೆದಳು. ‘ಮಾತಾಡಲು ನನಗೆ ಭಯ. ಮಾತು ಬಂದರೆ ನುಂಗಿಕೊಳ್ಳುತ್ತೇನೆ’ ಎಂದೂ ಬರೆದಳು. ಬರೆದ ಮೇಲೆ ಹಗುರ ಅನ್ನಿಸಿದ್ದು ನಿಜ. ಆದರೆ ಇಡೀ ಶಾಲೆಯೇ ಓದಿದರೆ?

ಊಟದ ಬೆಲ್ ಹೊಡೆಯಿತು. ಮಕ್ಕಳು ದಬದಬ ಹೊರಗೆ ನುಗ್ಗಿದರು. ಸವಿತಾ ಓಡಿಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಬಿಸಿಯೂಟದ ಚೆಲುವಮ್ಮ ಸಾರು ಕಲಕುತ್ತಿದ್ದರು.

“ಯಾಕವ್ವಾ, ಇಂಗೆ ಬೆವತೋಗಿದ್ದೀಯ?”

“ಎಲ್ರೂ ನಗ್ತಾರೆ ಕಣಜ್ಜಿ.”

“ನಗ್ಲಿ ಬುಡು. ಅಲ್ಲು ಕಾಣ್ತದೆ, ಅಷ್ಟೇಯ.”

ವರಾಂಡದಿಂದ ಜೋರು ನಗು ಕೇಳಿಸಿತು. ಸವಿತಾ ಕಿವಿ ಮುಚ್ಚಿಕೊಂಡಳು.

ಶಶಿ ಏದುಸಿರು ಬಿಡುತ್ತ ಬಂದಳು. “ಬಾರೇ ಬೇಗ! ಮಹೇಂದ್ರ ನಿನ್ ಪೇಪರ್ ಮೇಲೆ ಏನೋ ಗೀಚ್ಬುಟ್ಟ!”

ಸವಿತಾಗೆ ಜೀವವೇ ಹೋದಂತಾಯಿತು. ಕಾಲೆಳೆಯುತ್ತ ಹೋದಳು. ಅಷ್ಟರಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಿದ್ದರು. ವರಾಂಡ ಖಾಲಿ. ಹಾಳೆಯ ಅಡಿಯಲ್ಲಿ ಪೆನ್ಸಿಲ್ಲಿನ ಸೊಟ್ಟಸೊಟ್ಟ ಅಕ್ಷರಗಳು:

‘ನಾನೂ ಉಣಸೂರು ಅಂಗಡೀಲಿ ಆರು ಪೆನ್ ಕೇಳೋಕೆ ಹೋಗಿ, ಹಾರು ಪೆನ್ ಕೊಡಿ ಅಂದೆ. ಹಾರೋ ಪೆನ್ ಇಲ್ಲ ಮಗ, ಬರಿಯೋದು ಐತೆ ಅಂದ್ರು. ಅಲ್ಲಿದ್ದೋರೆಲ್ಲ ನಕ್ಕುಬುಟ್ರು. ಅಳು ಬಂತು. ಇದನ್ನ ಯಾರಿಗೂ ಹೇಳಿಲ್ಲ. ನಿಂಗೊಬ್ಬಳಿಗೇ ಹೇಳ್ತಿರೋದು. ಇಂತಿ ಮಹೇಂದ್ರ.’

ಗೋಡೆಯ ಮೇಲೆ ಬರೆದು ‘ನಿಂಗೊಬ್ಬಳಿಗೇ’ ಅಂತೆ! ಸವಿತಾಗೆ ಕಿಸಕ್ಕನೆ ನಗು ಬಂತು. ಅಬ್ಬಾ, ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಇನ್ನೊಂದು ಸಲ ಓದಿದಳು. ಹಾಗಾದರೆ ಅವನೂ ಇಷ್ಟು ದಿನ ನುಂಗಿಕೊಂಡೇ ಇದ್ದ. ತನ್ನ ಹಾಳೆ ಓದಿರದಿದ್ದರೆ ಇವತ್ತೂ ಬಾಯಿ ಬಿಡುತ್ತಿರಲಿಲ್ಲ.

ಶಶಿಯ ಜೇಬಿನಿಂದ ಪೆನ್ಸಿಲ್ ಕಸಿದುಕೊಂಡು, ಅವನ ಸಾಲಿನ ಕೆಳಗೆ ಅವಳು ಬರೆದಳು:

‘ಆಮೇಲೆ ಏನಾಯ್ತು? ಪೆನ್ ಕೊಟ್ರಾ?’