ಫ್ರಿಜ್ಜಿನ ಚರಬಿ

ಡಬ್ಬಿ ಇರಲಿಲ್ಲ!

ಫ್ರೀಜರಿನ ಬಾಗಿಲು ತೆರೆದು ನಿಂತಿದ್ದೆ. ಬೆಳಿಗ್ಗೆ ಒಂಬತ್ತೂವರೆ. ಹದಿನಾಲ್ಕನೆಯ ದಿನ. ಸೂತಕ ಕಳೆದಿತ್ತು. ನೆಂಟರು ತಂತಮ್ಮ ಚಪ್ಪಲಿ ಹುಡುಕಿಕೊಂಡು ಹೋಗಿದ್ದರು. ಮನೆಯಲ್ಲಿ ಕುಕ್ಕರ್ ಮೊದಲ ಸಲ ಮಾಮೂಲಿನಂತೆ ಸೀಟಿ ಹೊಡೆದಿತ್ತು.

ಕಿವಿಯಲ್ಲಿ ಫೋನು. ಫೋನಿನಲ್ಲಿ ಮಿರಜಿನ ಡಾಕ್ಟರ್ ಅಲಕಾ.

"ತ್ರಿಶಲಾ, ಪ್ರತೀಕ ಅವರ ಕಡೀ ಸ್ಯಾಂಪಲ್ ನಿಮ್ಮ ಫ್ರೀಜರಿನಾಗ ಐತಿ ಅಲ್ಲ? ಹನ್ನೆರಡಕ್ಕ ಪುಣೆಗೆ ಗಾಡಿ ಹೊಂಟೈತಿ. ಅನುಜಾಂದೂ ಅದರಾಗ ಹೋಗತೈತಿ. ಎರಡೂ ಜೋಡೀನ ಹೋಗಬೇಕು."

"ತಪ್ಪಿದ್ರ?"

"ಮತ್ತ ಆರು ತಿಂಗಳಿಗೆ. ಅನುಜಾನ ಕಡೆ ಆರು ತಿಂಗಳು ಐತೋ ಇಲ್ಲೋ... ನಾ ಹೇಳಲಾರೆ. ಇನ್ನೊಂದು. ಕರಗಬಾರದು!"

ನೀವೇ ಹೇಳಿ, ಎರಡು ವಾರದ ವಿಧವೆ ಏನು ಮಾಡಬೇಕು? ಅಳಬೇಕು. ನನಗೆ ಹದಿಮೂರು ದಿನವೂ ಅಳು ಬಂದಿರಲಿಲ್ಲ. ಅವತ್ತೂ ಬರಲಿಲ್ಲ.

ಸ್ಕೂಟರಿನ ಕೀಲಿ ಕೈಗೆ ಬಂತು.

ಪ್ರತೀಕ ನನ್ನ ಗಂಡ. ಮೂವತ್ತೊಂದು ವರ್ಷ. ಶ್ವಾಸಕೋಶದ ರಕ್ತನಾಳಗಳು ಒಳಗೊಳಗೇ ಕಿರಿದಾಗುತ್ತ ಹೋಗುವ ಕಾಯಿಲೆ. ಹತ್ತು ಲಕ್ಷಕ್ಕೆ ಕೆಲವರಿಗೆ ಬರುತ್ತದೆ. "ನಮ್ಮ ಒಂದ ಮನ್ಯಾಗ ಇಬ್ಬರು!" ಎನ್ನುತ್ತಿದ್ದ, ಲಾಟರಿ ಹತ್ತಿದವನ ಹಾಗೆ. ಎರಡನೆಯವಳು ಅವನ ತಂಗಿ ಅನುಜಾ. ಇಪ್ಪತ್ತೆರಡು. ಮಿರಜಿನ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿದ್ದಳು.

ಅಲಕಾ ಡಾಕ್ಟರ್ ಹುಡುಕುತ್ತಿದ್ದದ್ದು ಕೊಬ್ಬನ್ನು. ಹೊಟ್ಟೆಯದಲ್ಲ, ರಕ್ತದ್ದು. ನಾಳದ ಗೋಡೆಯ ಜೀವಕೋಶಗಳಿಗೆ ಬಗೆಬಗೆಯ ಕೊಬ್ಬು ಹದವಾಗಿ ಬೇಕು. ಒಂದು ಏರಿ ಇನ್ನೊಂದು ಇಳಿದರೆ ಗೋಡೆ ದಪ್ಪವಾಗಬಹುದು. ಅಥವಾ ಗೋಡೆ ದಪ್ಪವಾದದ್ದಕ್ಕೇ ಕೊಬ್ಬು ಏರುಪೇರಾಗಿರಬಹುದು. ಯಾವುದು ಮೊದಲು? ಯಾರಿಗೂ ಗೊತ್ತಿಲ್ಲ. ನಾನು ಬಯೋಕೆಮಿಸ್ಟ್ರಿ ಎಂ.ಎಸ್‌ಸಿ. ನನಗೂ ಗೊತ್ತಿಲ್ಲ.

ಗೊತ್ತಿದ್ದದ್ದು ಇಷ್ಟು. ಅಣ್ಣ ತಂಗಿಯ ರಕ್ತದಲ್ಲಿ ಏರುಪೇರು ಒಂದೇ ಬಗೆಯದಾದರೆ ಅನುಜಾಗೆ ಹೊಸ ಔಷಧದ ಪ್ರಯೋಗದಲ್ಲಿ ಜಾಗ. ಅಣ್ಣನ ರಕ್ತ ತಲುಪದಿದ್ದರೆ ಜಾಗ ಇಲ್ಲ.

"ಕೊಬ್ಬಿನ ತೂಕ ತಪ್ಪೇತಿ" ಎಂದು ಡಾಕ್ಟರ್ ಅಂದದ್ದನ್ನು ಪ್ರತೀಕ ಅಕ್ಷರಶಃ ಹಿಡಿದಿದ್ದ. ನಮ್ಮ ಸಾಂಗಲಿಯ ಅರಿಸಿನ ವ್ಯಾಪಾರಿ ಗುರುಸಿದ್ಧಪ್ಪ ಕಾಕಾ ಅವರಲ್ಲಿ ಹಿತ್ತಾಳೆಯ ಚಿಕ್ಕ ತಕ್ಕಡಿ ಕಡ ತಂದ. ಚಪಾತಿಗೆ ಹಚ್ಚುವ ತುಪ್ಪವನ್ನು ತೂಗಿ ತಿನ್ನುತ್ತಿದ್ದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ.

"ಇರಲಿ ಬಿಡು. ಏನರೆ ಒಂದು ನನ್ನ ಕೈಯಾಗ ಇರಲಿ," ಎಂದ.

ಈಗ ಡಬ್ಬಿ. ಮನೆಯಲ್ಲಿ ಹುಡುಕಿದೆ. ರಾಯವ್ವ ಮಾವಶಿಯೂ ಇರಲಿಲ್ಲ! ನನ್ನ ಅತ್ತೆಯ ಅಕ್ಕ. ಕಟ್ಟಾ ಜೈನರು. ಗಡ್ಡೆ ಗೆಣಸು ಕೂಡ ಮುಟ್ಟದವರು. ಅವರ ಕೌದಿಯೂ ಇರಲಿಲ್ಲ.

ಆಗ ನೆನಪಾಯಿತು. ಡಬ್ಬಿಯ ಮೇಲೆ ಪ್ರತೀಕ ದಪ್ಪ ಅಕ್ಷರದಲ್ಲಿ, ತಮಾಷೆಗೆ, ಮರಾಠಿಯಲ್ಲಿ ಬರೆದಿದ್ದ. 'ಚರಬಿ. ಪ್ರತೀಕನದು. ಮುಟ್ಟಬೇಡಿ.'

ಚರಬಿ! ಪ್ರಾಣಿಯ ಕೊಬ್ಬು! ಜೈನರ ಫ್ರಿಜ್ಜಿನಲ್ಲಿ!

ಮಾವಶಿ ಎಲ್ಲಿಗೆ ಹೋದರೂ ಓಣಿಯ ಧೋಂಡಪ್ಪನ ರಿಕ್ಷಾದಲ್ಲೇ. ಅವನಿಗೆ ಫೋನ್ ಹಚ್ಚಿದೆ.

"ಮಾವಶಿ ನಿನ್ನ ಗಾಡ್ಯಾಗ ಅದಾರೇನು?"

"ಅದಾರ್ರಿ ವೈನಿ. ತೊಡಿ ಮ್ಯಾಲ ಕೌದಿ ಗಂಟು ಇಟ್ಕೊಂಡು ಗಪ್ಪ ಕುಂತಾರ. ಕೃಷ್ಣಾ ಹೊಳಿ ಘಾಟಿಗೆ ಬಂದೇವಿ."

"ಫೋನ್ ಅವರ ಕೈಯಾಗ ಕೊಡು!"

"ನಿಮ್ಮ ಜೋಡಿ ಮಾತಾಡಂಗಿಲ್ಲಂತ್ರಿ. ಗೊತ್ತಿದ್ದೂ ಮುಚ್ಚಿಟ್ಟಾಳ ಅಂತ ಸಿಟ್ಟಾಗ್ಯಾರ."

ರಕ್ತ ಎಂದು ಇವನಿಗೆ ಹೇಳುವಂತಿರಲಿಲ್ಲ. ಪ್ರತೀಕನ ಬೆರಳಿಗೆ ಸೂಜಿ ಚುಚ್ಚಿದ್ದು ಕಂಡು ಆಸ್ಪತ್ರೆಯ ಬಾಗಿಲಲ್ಲೇ ಉರುಳಿದ ಗಂಡಸು.

ಸ್ಕೂಟರ್ ಹೊಡೆದೆ. ಘಾಟು ಖಾಲಿ. ಎಮ್ಮೆ ಎರಡು, ಮಾವಶಿ ಸೊನ್ನೆ. ಮತ್ತೆ ಫೋನು.

"ಡಬ್ಬಿ ಹೊಳ್ಯಾಗ ಒಗದ್ರೇನೋ?"

"ಇಲ್ರಿ. ನೀರಾಗ ಮೀನ ಅದಾವ, ಪಾಪ ಹತ್ತತೈತಿ ಅಂದ್ರು. ಕವಲಾಪುರಕ್ಕ ಹೊಂಟೇವಿ. ಹೊಲದಾಗ ಹುಗಿತಾರಂತ."

ಕವಲಾಪುರ. ಹತ್ತೂ ಇಪ್ಪತ್ತು. ಹೊಲದ ಬದುವಿನಲ್ಲಿ ಹೊಸದಾಗಿ ತೋಡಿದ ಗುಂಡಿ. ಒಳಗೆ ಏನೂ ಇಲ್ಲ! ಕಳೆ ತೆಗೆಯುತ್ತಿದ್ದ ಹೆಂಗಸು ನಗುತ್ತಿದ್ದಳು.

"ಎರಿಹುಳ ಹೊಂಟ್ವು ನೋಡ್ರಿ. ಆ ಅಜ್ಜಿ ಹುಳಕ್ಕ ಕೈಮುಗದು ಹ್ವಾದ್ಲು."

ಮತ್ತೆ ಫೋನು. ಕುಪವಾಡ ಎಂಐಡಿಸಿ, ಕಾರ್ಖಾನೆಗಳ ಜಾಗ. ಹನ್ನೊಂದೂ ಕಾಲು. ಒಂದು ಎರಕದ ಕಾರ್ಖಾನೆಯ ಮುಂದೆ ಕೆಲಸಗಾರರು ಚಹಾ ಬಿಟ್ಟು ಚರ್ಚೆ ನಡೆಸಿದ್ದರು. ಮಾವಶಿ ಭಟ್ಟಿಯ ಎದುರು ಅರ್ಧ ತಾಸು ನಿಂತಿದ್ದರಂತೆ. ಬೆಂಕಿಗೂ ಜೀವ ಇದೆ ಎಂದು ಇವರಿಗೇ ಪಾಠ ಹೇಳಿ ಹೊರಟರಂತೆ.

ನೀರು ಮುಗಿಯಿತು. ಮಣ್ಣು ಮುಗಿಯಿತು. ಬೆಂಕಿ ಮುಗಿಯಿತು. ಅಷ್ಟು ದೊಡ್ಡ ಜಿಲ್ಲೆಯಲ್ಲಿ ಪಾಪವಿಲ್ಲದೆ ಒಂದು ಡಬ್ಬಿ ಎಸೆಯಲು ಜಾಗವಿಲ್ಲ!

"ಧೋಂಡಪ್ಪಾ, ಗಾಡಿ ನಿಲ್ಲಸು! ಇಲ್ಲಂದ್ರ ನಿನ್ನ ಮೀಟರ್ ಸರಿ ಇಲ್ಲಂತ ಕಂಪ್ಲೇಂಟ್ ಕೊಡತೇನಿ!"

"ಮೀಟರ್ ಎಲ್ಲೈತ್ರಿ ವೈನಿ? ಮಿರಜ ರಸ್ತಾದಾಗ ಅದೇವಿ. ಬಸದ್ಯಾಗ ಮುನಿಗಳನ್ನ ಕೇಳ್ತಾರಂತ, ಎಲ್ಲಿ ಒಗೀಬೇಕಂತ."

ಹನ್ನೊಂದೂವರೆ. ಗೇರೇ ಇಲ್ಲದ ಸ್ಕೂಟರು ಅದು, ಇಲ್ಲದಿದ್ದರೆ ಬದಲಿಸುತ್ತಿದ್ದೆ. ಕಬ್ಬಿನ ಟ್ರಾಲಿಯನ್ನು ಎಡಗಡೆಯಿಂದ ದಾಟಿದೆ. ಬೈದರು. ದೂರದಲ್ಲಿ ರಿಕ್ಷಾದ ಹಳದಿ ಹುಡ್ ಕಂಡಿತು. ಮುಂದೆ ನುಗ್ಗಿ ಅಡ್ಡ ಹಾಕಿದೆ!

ಬ್ರೇಕ್ ಕಿರುಚಿತು. ಧೋಂಡಪ್ಪನೂ ಕಿರುಚಿದ.

"ಡಬ್ಬಿ ಕೊಡ್ರಿ ಮಾವಶಿ!"

"ಕೊಡಂಗಿಲ್ಲ! ಹತ್ತರ ಬರಬ್ಯಾಡ!" ಗಂಟನ್ನು ಎದೆಗೆ ಒತ್ತಿಕೊಂಡರು. "ರಕ್ತದಾಗ ಚರಬಿ ಹೆಚ್ಚುಕಮ್ಮಿ ಆಗೇತಿ ಅಂತ ಡಾಕ್ಟರ್ ತಿನ್ನಾಕ ಕೊಟ್ಟಾರ. ತಿಂದಾನ. ಅದಕ್ಕ ಹ್ವಾದ! ಮಂದಿಗೆ ಗೊತ್ತಾದ್ರ ಅವನ ಹೆಸರು ಏನಾಗಬೇಕ? ಸತ್ತ ಮ್ಯಾಲರೆ ಅಂವಗ ಮರ್ಯಾದಿ ಬ್ಯಾಡೇನ?"

ಹೆಲ್ಮೆಟ್ ತೆಗೆದೆ.

"ಅದು ತಿನ್ನೂದಲ್ಲ, ಮಾವಶಿ. ರಕ್ತ."

ಧೋಂಡಪ್ಪ ಹ್ಯಾಂಡಲ್ ಮೇಲೆ ತಲೆಯಿಟ್ಟ.

"ಯಾರದು?" ಎಂದರು ಮಾವಶಿ.

"ಅವರದು. ಕಡೀದು. ಅನುಜಾನ ಔಷಧಕ್ಕ ಬೇಕು."

ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಮಾವಶಿ ಗಂಟನ್ನು ನೋಡಿದರು.

"ಹಂಗಾರ... ಮುಂಜಾನಿಂದ ನಾ ಪ್ರತೀಕನ್ನ ತೊಡಿ ಮ್ಯಾಲ ಇಟ್ಕೊಂಡು ತಿರಗೇನೇನು?"

"ಹೂಂ."

"ಹೊಳ್ಯಾಗ ಒಗಿತಿದ್ನಲ್ಲ..."

"ಒಗಿಲಿಲ್ಲಲ್ಲ."

ಗಂಟಿಗೆ ಕೈ ಹಾಕಿದೆ. ಕೈ ಮೇಲೆ ಬಡಿದರು.

"ನೀ ಬಿಡು. ಸಣ್ಣಾವಿದ್ದಾಗ ದವಾಖಾನಿಗೆ ನಾನ ಒಯ್ತಿದ್ದೆ. ಧೋಂಡಪ್ಪಾ, ಏಳು! ಹೊಡಿ!"

ಹನ್ನೊಂದೂ ಐವತ್ತೆರಡು. ಅಲಕಾ ಡಾಕ್ಟರ್ ಕೌದಿ ಬಿಚ್ಚಿದರು. ಒಂದು ಮಡಿಕೆ, ಎರಡು, ನಾಲ್ಕು... ಒಳಗೆ ಥರ್ಮಾಕೋಲ್ ಡಬ್ಬಿ. ಐಸ್ ಪ್ಯಾಕು ಬೆವರಿತ್ತು. ರಕ್ತದ ನಳಿಕೆಗಳು ಕಲ್ಲಿನಂತೆ ಗಟ್ಟಿ!

"ಇಷ್ಟು ಚಂದ ಯಾರು ಪ್ಯಾಕ್ ಮಾಡಿದ್ರಿ?"

"ನಾನ್ರಿ," ಎಂದರು ಮಾವಶಿ. "ಪಾಪ ಮೈಗೆ ತಾಗಬಾರದಂತ."

ಗಾಡಿ ಹನ್ನೆರಡಕ್ಕೆ ಹೊರಟಿತು.

ಮೂರು ವಾರಕ್ಕೆ ಉತ್ತರ ಬಂತು. ಏರುಪೇರು ಒಂದೇ ಬಗೆಯದು. ಅನುಜಾಗೆ ಜಾಗ ಸಿಕ್ಕಿತು.

"ಅಣ್ಣಂದ ಎಲ್ಲಾ ಕಡೀಕ ನನಗ ಬರತೈತಿ ನೋಡು ವೈನಿ," ಎಂದಳು, ನಳಿಕೆ ಸರಿಪಡಿಸಿಕೊಂಡು. "ಸೈಕಲ್, ಸ್ವೆಟರ್... ಇದೂ."

ಅವತ್ತೇ ತಕ್ಕಡಿ ತೆಗೆದುಕೊಂಡು ಗುರುಸಿದ್ಧಪ್ಪ ಕಾಕಾ ಅವರ ಅಂಗಡಿಗೆ ಹೋದೆ. ವ್ಯಾಪಾರಿಯ ಅಭ್ಯಾಸ, ಕಾಕಾ ತಕ್ಕಡಿ ಎತ್ತಿ ಹಿಡಿದರು. ಮುಳ್ಳು ನಡುವೆ ನಿಲ್ಲಲಿಲ್ಲ. ಒಂದು ತಟ್ಟೆ ಕೂದಲೆಳೆಯಷ್ಟು ಇಳಿಯಿತು.

"ಈ ಕಡೆ ಜಗ್ಗತೈತಲ್ಲವಾ." ಉಗುರಿನಿಂದ ಕೆರೆದು ಮೂಸಿದರು. "ತುಪ್ಪ!"

"ಅವರ ಪಾಲಿಂದ್ರಿ, ಕಾಕಾ. ಹೆಚ್ಚಾತು ಅಂತ ತಟ್ಟ್ಯಾಗ ಬಿಟ್ಟಿದ್ರು."