ಒಳಗ ಯಾರೂ ಇಲ್ಲ

"ಪಾಪ, ತಂದಿ-ತಾಯಿ ಇಲ್ಲದ ಹುಡುಗಿ" ಎನ್ನುತ್ತ ಸುಜಯೀಂದ್ರನ ಆಯಿ, ಅಂದರೆ ತಾಯಿ, ಸರಸ್ವತೀಬಾಯಿ, ಮಗ ಮದುವೆಯಾಗಬೇಕೆಂದು ಕರೆತಂದ ಪಂಚಶೀಲಾಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ್ದರು. ಅವಳು ಅದನ್ನು ಮುರಿಯದೆ ತಟ್ಟೆಯಂಚಿಗೆ ಸರಿಸಿದ್ದಳು.

ಅವಳ ಅಪ್ಪ ಗುಂಡಣ್ಣ, ಅವ್ವ, ಇಬ್ಬರೂ ಕಮಲಾಪುರದ ಕೆಂಪುಬಾಳೆ ತೋಟದಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಅದನ್ನು ಬಲ್ಲ ಸುಜಯೀಂದ್ರ ಅಂದು ತಲೆ ಎತ್ತಲೇ ಇಲ್ಲ.

ಮರುದಿನ ಜೇವರ್ಗಿ ಕಾಲೋನಿಯ ಆಫೀಸಿನಲ್ಲಿ ಇನ್ನೊಂದು ಪೆಟ್ಟು. ಬಾಳೆ ಬೆಳೆಗಾರರಿಗಾಗಿ ಇಬ್ಬರೂ ಸೇರಿ ಕಟ್ಟಿದ ಆ್ಯಪ್‌ನಲ್ಲಿ ಗುಂಡಣ್ಣನ ಹೆಸರಿತ್ತು, ತೋಟವಿರಲಿಲ್ಲ.

"ಅಪ್ಪನ ಫೋನ್ ನಂಬರ್ ನೀವೇ ಬದಲು ಮಾಡಿದ್ರೇನ್ರೀ?"

ಸಿಟ್ಟು ಬಂದಾಗ ಮಾತ್ರ ಅವಳು ಅವನಿಗೆ 'ರೀ' ಹಚ್ಚುವುದು.

"ಹೂಂ. ಸರ್ವರಿಗೆ ತಿದ್ದುಪಡಿ ಕಳಿಸಿದೆ. ರೈತನ ಒಳಗ ತೋಟದ ಪಟ್ಟಿ ಖಾಲಿ ಇಟ್ಟಿದ್ದೆ."

"ಆ ಪಟ್ಟಿ ಕಳಿಸಲೇಬಾರದಿತ್ತು. ಸುಮ್ಮನಿದ್ರ ನಮ್ಮ ಸರ್ವರ್ ಹಳೇದು ಮುಟ್ಟೂದಿಲ್ಲ. ಖಾಲಿ ಕಳಿಸಿದ್ರ, ಒಳಗ ಏನೂ ಇಲ್ಲ ಅಂತ ನಂಬಿ ಅಳಿಸಿಬಿಡತದ." ಅವಳ ದನಿ ಸಣ್ಣಗಾಯಿತು. "ನಿಮ್ಮ ಆಯಿನೂ ಹಂಗೇ ನಂಬ್ಯಾರ."

ಅವನ ಕೈ ಕೀಬೋರ್ಡ್ ಮೇಲೇ ನಿಂತಿತು. "ನಿನ್ನ ಮನ್ಯಾಗ ಯಾರ್ಯಾರದಾರ ಅಂತ ಆಯಿ ಕೇಳಿದ್ರು, ಯಾರೂ ಇಲ್ಲ ಅಂದೆ. ಖರೇ ಹೇಳಿದ್ರ ಯಾವ ಕೇರಿ ಅಂತ ಕೇಳ್ತಿದ್ರು. ನೀ ಆ ಹೊಸ್ತಿಲ ದಾಟತಿದ್ದಿಲ್ಲ."

"ಹಂಗಾರ ದಾಟಿದಾಕಿ ಯಾರ್ರೀ?"

ಅವನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಬೈಕಿನ ಕೀಲಿ ತೆಗೆದುಕೊಂಡು, "ಕಮಲಾಪುರಕ್ಕ ನಡಿ" ಎಂದ.

ಕಮಲಾಪುರದಲ್ಲಿ ಗುಂಡಣ್ಣ ಗೊನೆಯ ಪಕ್ಕ ನಿಂತು ನಗುತ್ತಿದ್ದ. "ಹೈದರಾಬಾದಿನ ವ್ಯಾಪಾರಿ ಫೋನ್ ಮಾಡಿ, ಆ್ಯಪ್‌ನ್ಯಾಗ ನಿನ್ನ ತೋಟ ಇಲ್ಲಂತಲ್ಲೋ ಅಂದ. ನಾ ತೋಟದಾಗ ನಿಂತೇ ಕೇಳಾಕತ್ತೀನಿ, ಸಾಹೇಬ್ರ, ಅಂದೆ!"

ಅಂಗಳದಲ್ಲಿ ಕೂತು ಸುಜಯೀಂದ್ರ ಲ್ಯಾಪ್‌ಟಾಪ್‌ನಲ್ಲಿ ಅಳಿಸಿಹೋದ ವಿವರ ಮತ್ತೆ ತುಂಬಿದ. ರೈತ, ರೈತನೊಳಗೆ ತೋಟ, ತೋಟದೊಳಗೆ ಗೊನೆ. ಎಲ್ಲ ಒಂದೇ ಸಲಕ್ಕೆ ಕಳಿಸಿದ. ತೋಟ ತೆರೆಯ ಮೇಲೆ ಬಂತು. ಪಂಚಶೀಲಾಳ ಅವ್ವ ಕೊಟ್ಟ ನೀರು ಪೂರ್ತಿ ಕುಡಿದು, ಆಯಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಆಯಿ, ನಾ ಸುಳ್ಳು ಹೇಳೀನಿ. ಪಂಚಶೀಲಾಗ ತಂದಿ-ತಾಯಿ ಅದಾರ. ಗುಂಡಣ್ಣ ಅಂತ, ಬುದ್ಧನ ಪೂಜಿ ಮಾಡೋ ಮನಿ. ಇಲ್ಲೇ ನೀರು ಕುಡದೀನಿ. ನನಗ ಅಕಿ ಬೇಕು, ಈ ಮನಿ ಸಮೇತ."

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಯಾರೂ ಒಲೆ ಆರಿಸಲಿಲ್ಲ.

"ಅಕಿ ಕೇಳಾಕತ್ಯಾಳೇನು?"

"ಕೇಳಾಕತ್ತೀನ್ರಿ, ಆಯಿ," ಎಂದಳು ಪಂಚಶೀಲಾ.

"ಅವತ್ತು ಪಾಪ ಅಂದಿದ್ದೆ, ತಂಗಿ. ಈಗ ಏನನ್ನಬೇಕೋ ತಿಳೀವಲ್ದು."

ಫೋನ್ ಕಟ್ಟಾಯಿತು.

ಬಾಳೆ ಎಲೆಗಳು ಗಾಳಿಗೆ ಒಂದಕ್ಕೊಂದು ಉಜ್ಜಿದವು. ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಪಂಚಶೀಲಾ ಕೆಂಪು ಹಣ್ಣೊಂದರ ಸಿಪ್ಪೆ ಸುಲಿದು, ಮುರಿದು, ಅರ್ಧ ಅವನ ಕೈಗಿಟ್ಟಳು.

"ತಿನ್ನು," ಎಂದಳು. "ಆಯಿ ಮನಿಗೆ ಹೋಗಬೇಕಲ್ಲ, ಇಬ್ಬರೂ."